ಬಿದ್ದು ಲಕ್ವ ಹೊಡೆಯಿತೋ, ಲಕ್ವ ಹೊಡೆದು ಬಿದ್ದರೋ

ತಲೆಗೆ ಪೆಟ್ಟಾದವರನ್ನು ಕರೆತಂದ ಮನೆಯವರು ಕೇಳುವ ಮೊದಲ ಪ್ರಶ್ನೆ ನಮ್ಮ ಕಡೆ ಒಂದೇ: 'ಒಳಗ ರಕ್ತ ಹೆಪ್ಪುಗಟ್ಟ್ಯಾದೇನ್ರಿ?' ಸಿಟಿ ಸ್ಕ್ಯಾನಿನಲ್ಲಿ ರಕ್ತ ಕಾಣಲಿಲ್ಲ ಎಂದರೆ ಕೈಮುಗಿದು ನಿಟ್ಟುಸಿರು ಬಿಡುತ್ತಾರೆ. ಡ್ಯೂಟಿ ಡಾಕ್ಟರೂ ಮನಸ್ಸಿನಲ್ಲೇ ಬಿಡುತ್ತಾರೆ. ಆದರೆ ಪೆಟ್ಟು ಬಿದ್ದ ಮೆದುಳಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಅನಾಹುತವೂ ಆಗುತ್ತದೆ. ರಕ್ತನಾಳ ಒಡೆಯುವ ಬದಲು ಮುಚ್ಚಿಕೊಳ್ಳುತ್ತದೆ, ಮೆದುಳಿನ ಆಳದ ಒಂದು ತುಣುಕು ರಕ್ತವಿಲ್ಲದೆ ಸಾಯುತ್ತದೆ. ಮಕ್ಕಳ ವೈದ್ಯರಿಗೆ ಇದು ಹೊಸದಲ್ಲ. ಮಂಚದಿಂದ ಬಿದ್ದ ವರ್ಷದ ಕೂಸು ಸ್ವಲ್ಪ ಹೊತ್ತಿನಲ್ಲೇ ಒಂದು ಕೈ ಆಡಿಸುವುದನ್ನು ನಿಲ್ಲಿಸುತ್ತದೆ, ಸ್ಕ್ಯಾನಿನಲ್ಲಿ ಆಳದ ಸಣ್ಣ ನಾಳಗಳ ಗುಂಟ ಸುಣ್ಣದ ಗೆರೆ ಕಾಣುತ್ತದೆ. ನಮ್ಮ ದೇಶದ ಮಕ್ಕಳ ನರರೋಗ ತಜ್ಞರು ಇದನ್ನು ಸಾಕಷ್ಟು ವಿವರವಾಗಿ ದಾಖಲಿಸಿದ್ದಾರೆ. ದೊಡ್ಡವರಲ್ಲಿ ಅಪರೂಪ, ಆದ್ದರಿಂದಲೇ ಯಾರೂ ಹುಡುಕುವುದಿಲ್ಲ. ತುಂಗಭದ್ರೆಯ ಎಡದಂಡೆಯ ಈ ಸೀಮೆಯಲ್ಲಿ ನರರೋಗ ವೈದ್ಯನಾಗಿ ಕಂಡುಕೊಂಡದ್ದನ್ನು ರಾತ್ರಿ ಪಾಳಿಯ ಕಿರಿಯರಿಗೆಂದು ಬರೆದಿಟ್ಟಿದ್ದೇನೆ. ಮನೆಯವರು ಓದಿದರೂ ನಷ್ಟವಿಲ್ಲ.

1. ಸ್ಕ್ಯಾನಿಗೆ ಕಳಿಸುವ ಮೊದಲು, ಎತ್ತಿದವನನ್ನು ಕೇಳಿ

ಗಾಯಾಳುವನ್ನು ಆಸ್ಪತ್ರೆಗೆ ತಂದವರು ಅವನು ಬಿದ್ದದ್ದನ್ನು ನೋಡಿರುವುದಿಲ್ಲ. ನೋಡಿದವನು ರಸ್ತೆ ಬದಿಯ ಚಹಾದಂಗಡಿಯಲ್ಲೇ ಉಳಿದಿರುತ್ತಾನೆ, ಇಲ್ಲವೇ ಪೊಲೀಸು, ಸಾಕ್ಷಿ, ಕೋರ್ಟು ಎಂಬ ಅಂಜಿಕೆಗೆ ಗೇಟಿನಿಂದಲೇ ಹಿಂದಿರುಗಿರುತ್ತಾನೆ. ಅವನ ಫೋನ್ ನಂಬರ್ ಹುಡುಕಿ ಮಾತಾಡುವುದು ಐದು ನಿಮಿಷದ ಕೆಲಸ. ಕೇಳಬೇಕಾದದ್ದೂ ದೊಡ್ಡದೇನಲ್ಲ: ಬಿದ್ದ ಮೇಲೆ ಎದ್ದು ನಿಂತನೇ? ನಡೆದನೇ? ಕೈ ಯಾವಾಗ ಸೋತಿತು?

'ತಾನ ಎದ್ದು ಗಾಡಿ ಎತ್ತಿ ನಿಲ್ಲಿಸಿದನ್ರಿ. ಅಂಗಿ ಝಾಡಿಸಿಕೊಂಡ, ಚಾ ಕುಡದ. ತಾಸಿನ ಮ್ಯಾಲ ಕೈಯಾಗಿಂದ ಮೊಬೈಲ್ ಜಾರಿ ಬಿತ್ತು, ಬಾಯಿ ಸೊಟ್ಟ ಆತು.' ಹೀಗೆ ಹೇಳಿದರೆಂದರೆ ಪೆಟ್ಟಿಗೂ ಸೋಲಿಗೂ ನಡುವೆ ಸಮಯ ಹೋಗಿದೆ ಎಂದಾಯಿತು. ತಲೆಬುರುಡೆಯ ಕೆಳಗೆ ರಕ್ತ ನಿಧಾನವಾಗಿ ಕೂಡಿಕೊಳ್ಳುವಾಗಲೂ ಇಂಥ ನಡುಗಾಲ ಇರುತ್ತದೆ. ಆದರೆ ಅಲ್ಲಿ ಕೈ ಸೋಲುವುದರ ಜೊತೆಗೆ ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ಮನುಷ್ಯ ಮಂಪರಿಗೆ ಜಾರುತ್ತಾನೆ. ಆಳದ ನಾಳ ಮುಚ್ಚಿದವನು ಪೂರ್ತಿ ಎಚ್ಚರವಿರುತ್ತಾನೆ. ತನ್ನ ಕೈ ತನ್ನ ಮಾತು ಕೇಳದಿರುವುದನ್ನು ಕಣ್ಣಾರೆ ನೋಡುತ್ತಾ, ಅದನ್ನೇ ನಿಮಗೆ ವಿವರಿಸುತ್ತಾನೆ.

ಇನ್ನೊಬ್ಬ ಸಾಕ್ಷಿ ಹೇಳುವುದು ಬೇರೆ: 'ರೋಡ್ ನೆಟ್ಟಗಿತ್ತು, ಎದುರಿಗೆ ಯಾವ ಗಾಡೀನೂ ಇರಲಿಲ್ಲ. ತನ್ನಷ್ಟಕ್ಕ ಎಡಕ್ಕ ಎಳಕೊಂಡು ಹೋಗಿ ಬಿದ್ದ.' ಇಲ್ಲಿ ಬೀಳುವ ಮುಂಚೆಯೇ ಏನೋ ಆಗಿದೆ. ಅದರ ಬಗ್ಗೆ ಆರನೆಯ ಪಾಠದಲ್ಲಿ ಬರೆದಿದ್ದೇನೆ.

ಕೇಳಿದ್ದನ್ನು ಕೇಸ್‌ಶೀಟಿನಲ್ಲಿ ಹೊತ್ತಿನ ಸಮೇತ ಬರೆಯಿರಿ. 'ಆರ್‌ಟಿಎ (ರಸ್ತೆ ಅಪಘಾತ), ಬಲಗಡೆ ದೌರ್ಬಲ್ಯ' ಎಂದಷ್ಟೇ ಗೀಚಿದರೆ ಮರುದಿನ ಬರುವ ವೈದ್ಯರು ಎರಡೂ ಒಟ್ಟಿಗೇ ಆದವು ಎಂದೇ ತಿಳಿಯುತ್ತಾರೆ. ಅಷ್ಟು ಹೊತ್ತಿಗೆ ಚಹಾದಂಗಡಿಯವನ ನೆನಪೂ ಮಸುಕಾಗಿರುತ್ತದೆ.

2. ಹದಿನೈದಕ್ಕೆ ಹದಿನೈದು ಬಂದರೂ ಅರ್ಧ ದೇಹ ಸೋತಿರಬಹುದು

ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಕೊಟ್ಟ ಜಿಸಿಎಸ್ ಅಂಕಪಟ್ಟಿ ಇಂದು ಜಗತ್ತಿನ ಎಲ್ಲ ಕ್ಯಾಜುವಾಲ್ಟಿಗಳಲ್ಲೂ ಇದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ಅದು ಪ್ರಜ್ಞೆ ಅಳೆಯುವ ಪಟ್ಟಿ. ಚಲನೆಯ ಅಂಕ ಕೊಡುವುದು ಚೆನ್ನಾಗಿ ಆಡುವ ಕೈಗೆ, ಸೋತ ಕೈಗಲ್ಲ. ಎಡಗೈ ಎತ್ತಿ ತೋರಿಸಿದವನಿಗೆ 6 ಸಿಕ್ಕಿಬಿಡುತ್ತದೆ, ಬಲಗೈ ಹಾಸಿಗೆಯ ಮೇಲೆ ಬಿದ್ದಿದ್ದರೂ ಒಟ್ಟು 15 ಆಗುತ್ತದೆ. ಹೀಗಾಗಿ 'ಜಿಸಿಎಸ್ ಹದಿನೈದು, ಸ್ಟೇಬಲ್' ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ನಾನು ಮುಂದಿನ ಮಾತು ಕೇಳುವುದೇ ಇಲ್ಲ. ಎರಡೂ ಕೈ ಎತ್ತಿಸಿ ನೋಡಿದಿರಾ ಎಂದು ಕೇಳುತ್ತೇನೆ.

ಮಾಡಬೇಕಾದದ್ದು ಅರ್ಧ ನಿಮಿಷದ ಕೆಲಸ. ಕಣ್ಣು ಮುಚ್ಚಿಸಿ, ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲಕ್ಕಿರಲಿ, ಹತ್ತರವರೆಗೆ ಎಣಿಸಿ. ಸೋಲುತ್ತಿರುವ ಕೈ ಕೆಳಗಿಳಿಯುವ ಮುಂಚೆ ಒಳಕ್ಕೆ ಮಗುಚುತ್ತದೆ. ಹಲ್ಲು ತೋರಿಸಲು ಹೇಳಿ. ಒಂದೊಂದೇ ಕಾಲು ಎತ್ತಿಸಿ. ಬಂದಾಗೊಮ್ಮೆ ಮಾಡಿದರೆ ಸಾಲದು, ಮೊದಲ ದಿನವಿಡೀ ಗಂಟೆಗೊಮ್ಮೆ ಆಗಬೇಕು. ನನ್ನ ಅನುಭವದಲ್ಲಿ ಇದನ್ನು ಅತ್ಯಂತ ಶಿಸ್ತಿನಿಂದ ಮಾಡುವವರು ಸಿಸ್ಟರ್‌ಗಳು. ಅವರಿಗೊಂದು ಬಾರಿ ತೋರಿಸಿಕೊಟ್ಟರೆ ಸಾಕು, ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಮಾಡಿ ಎಬ್ಬಿಸುತ್ತಾರೆ.

3. ಆಳದ ಮೆದುಳಿಗೇ ಏಕೆ ಈ ಗತಿ

ಮೆದುಳಿನ ಮೇಲ್ಪದರಕ್ಕೆ ರಕ್ತ ತರುವ ನಾಳಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಕಟ್ಟಿಕೊಂಡರೆ ಪಕ್ಕದ್ದು ಸ್ವಲ್ಪವಾದರೂ ಆಸರೆ ಕೊಡುತ್ತದೆ. ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾಕ್ಕೆ ಆ ಭಾಗ್ಯವಿಲ್ಲ. ಮೆದುಳಿನ ತಳದಲ್ಲಿ ಹಾಯುವ ಮಿಡ್ಲ್ ಸೆರೆಬ್ರಲ್ ಎಂಬ ದೊಡ್ಡ ನಾಳದಿಂದ ಕೂದಲಿನಂಥ ಕೆಲವು ಕವಲುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಮೇಲಕ್ಕೆ ಏಳುತ್ತವೆ. ಹೆಸರು ಲೆಂಟಿಕ್ಯುಲೋಸ್ಟ್ರಯೇಟ್. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ತೆಳು. ಪ್ರತಿಯೊಂದಕ್ಕೂ ತನ್ನದೇ ಜಾಗ, ಅಲ್ಲಿಗೆ ಬೇರೆ ದಾರಿಯಿಲ್ಲ. ನಮ್ಮ ಕಾಲುವೆಯ ಕೊನೆಭಾಗದ ರೈತನಂತೆ: ಬಾವಿಯಿಲ್ಲ, ಬೋರಿಲ್ಲ, ಮೇಲೆಲ್ಲೋ ನೀರು ನಿಂತರೆ ಪೈರು ಒಣಗಿತು ಎಂದೇ ಲೆಕ್ಕ.

ತಲೆ ಜೋರಾಗಿ ಅಪ್ಪಳಿಸಿದಾಗ ಮೆದುಳು ಬುರುಡೆಯೊಳಗೆ ಜರುಗುತ್ತದೆ, ತಳದ ದೊಡ್ಡ ನಾಳ ಅಷ್ಟು ಜರುಗುವುದಿಲ್ಲ. ನಡುವಿನ ಈ ಎಳೆಗಳು ಜಗ್ಗಿಕೊಳ್ಳುತ್ತವೆ. ಕೆಲವು ಹರಿದು ರಕ್ತ ಸುರಿಯುತ್ತದೆ. ಕೆಲವು ಹರಿಯುವುದಿಲ್ಲ, ಒಳಪದರಕ್ಕೆ ಗೀರು ಬಿದ್ದು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅಥವಾ ನಾಳವೇ ಸೆಟೆದು ಮುದುಡುತ್ತದೆ. ಪಕ್ಕದಲ್ಲೇ ಇಂಟರ್ನಲ್ ಕ್ಯಾಪ್ಸೂಲ್ ಇದೆ. ಅರ್ಧ ದೇಹವನ್ನು ಆಡಿಸುವ ನರತಂತುಗಳೆಲ್ಲ ಅಲ್ಲಿ ಒಂದೇ ಕಟ್ಟಾಗಿ ಇಳಿಯುತ್ತವೆ. ಆದ್ದರಿಂದ ಸತ್ತ ಜಾಗ ಕಡಲೆಕಾಳಿನಷ್ಟಿದ್ದರೂ ಮುಖ, ಕೈ, ಕಾಲು ಮೂರೂ ಸೋಲುತ್ತವೆ. ಮಾತು ತೊದಲುತ್ತದೆ, ಆದರೆ ಅರ್ಥ ಕೆಡುವುದಿಲ್ಲ, ನೀವು ಹೇಳಿದ್ದೆಲ್ಲ ತಿಳಿಯುತ್ತದೆ. ಸ್ಪರ್ಶ ಬಹುಮಟ್ಟಿಗೆ ಉಳಿದಿರುತ್ತದೆ. ಚಲನೆಯೊಂದೇ ಹೋಗುವ ಈ ಬಗೆಯ ಲಕ್ವವನ್ನು ಸಿ. ಮಿಲ್ಲರ್ ಫಿಶರ್ 1965ರಲ್ಲಿ ವಿವರಿಸಿದರು. ಹಾಸಿಗೆಯ ಪಕ್ಕ ನಿಂತು ಅದನ್ನು ಗುರುತಿಸಿದರೆ, ಪೆಟ್ಟು ಆಳಕ್ಕೆ ಬಿದ್ದಿದೆ ಎಂದು ಸ್ಕ್ಯಾನ್ ಬರುವ ಮುಂಚೆಯೇ ಹೇಳಬಹುದು.

4. 'ಸ್ಕ್ಯಾನ್ ನಾರ್ಮಲ್' ಎಂಬುದು ಅರ್ಧ ಉತ್ತರ

ಸಿಟಿ ಸ್ಕ್ಯಾನ್ ರಕ್ತವನ್ನು ಬೆಳ್ಳಗೆ, ಮೂಳೆ ಮುರಿತವನ್ನು ಸ್ಪಷ್ಟವಾಗಿ ತೋರಿಸುತ್ತದೆ. ರಕ್ತ ಸಿಗದ ಮೆದುಳನ್ನು ಮೊದಲ ಕೆಲವು ಗಂಟೆ ತೋರಿಸುವುದೇ ಇಲ್ಲ, ಆಳದ ಸಣ್ಣ ಗಾಯವಾದರೆ ಇನ್ನೂ ತಡ. ಎಂಆರ್‌ಐಯ ಡಿಫ್ಯೂಷನ್ ಚಿತ್ರದಲ್ಲಾದರೆ ಅದೇ ಜಾಗ ಬಹಳ ಬೇಗ ಹೊಳೆಯುತ್ತದೆ. ಕೈ ಸೋತಿದೆ, ಸಿಟಿ ಶುಭ್ರವಾಗಿದೆ ಎಂದರೆ ಕಾಯಿಲೆಯಿಲ್ಲ ಎಂದು ಅರ್ಥವಲ್ಲ. ಬೇರೆ ಯಂತ್ರ ಬೇಕು ಎಂದು ಅರ್ಥ. ಎಂಆರ್‌ಐ ದೂರದ ಊರಿನಲ್ಲಿದ್ದರೆ ಮರುದಿನ ಸಿಟಿಯನ್ನೇ ಮತ್ತೊಮ್ಮೆ ಮಾಡಿಸಿ, ಆಗ ಕಪ್ಪು ಮಚ್ಚೆ ಕಾಣುವ ಸಾಧ್ಯತೆ ಹೆಚ್ಚು.

'ಗಾಬರಿಗೆ ಹಂಗಾಗ್ಯಾದ', 'ಕುಡಿದಾನ, ನಶೆ ಇಳಿದ್ರ ಸರಿ ಹೋಗ್ತದ' ಎಂಬ ಮಾತು ವಾರ್ಡಿನಲ್ಲಿ ಹುಟ್ಟುವುದು ಈ ಶುಭ್ರ ಸಿಟಿಯಿಂದಲೇ. ನಶೆ ಎರಡೂ ಕಡೆಯನ್ನು ಸಮವಾಗಿ ಕೆಡಿಸುತ್ತದೆ, ಒಂದು ಪಕ್ಕವನ್ನು ಆರಿಸಿಕೊಳ್ಳುವುದಿಲ್ಲ.

5. ತಲೆಯ ಗಾಯ ನೋಡುತ್ತ ಕುತ್ತಿಗೆ ಮರೆಯಬೇಡಿ

ಆಳದ ನಾಳ ಮುಚ್ಚಿದ್ದಕ್ಕೆ ಕಾರಣ ಆಳದಲ್ಲೇ ಇರಬೇಕೆಂದಿಲ್ಲ. ದೊಡ್ಡವರಲ್ಲಿ ನಾನು ಮೊದಲು ಅನುಮಾನಿಸುವುದು ಕುತ್ತಿಗೆಯ ಕ್ಯಾರೋಟಿಡ್ ನಾಳವನ್ನು. ಬೈಕಿನಿಂದ ಎಗರಿ ಬಿದ್ದಾಗ ಕುತ್ತಿಗೆ ಹಿಂದಕ್ಕೂ ಪಕ್ಕಕ್ಕೂ ತಿರುಚಿಕೊಳ್ಳುತ್ತದೆ. ಸೀಟ್ ಬೆಲ್ಟು ಕುತ್ತಿಗೆಗೆ ಒತ್ತಿರುತ್ತದೆ. ಹೊಲದ ಬೇಲಿ ತಂತಿಗೆ ಸಿಕ್ಕಿರುತ್ತದೆ. ತಲೆಯ ಮೇಲಿನ ಭತ್ತದ ಚೀಲದ ಸಮೇತ ಜಾರಿದ ಹಮಾಲರ ಕುತ್ತಿಗೆಯೂ ಹೀಗೇ. ನಾಳದ ಒಳಪದರ ಸೀಳುತ್ತದೆ, ರಕ್ತ ಗೋಡೆಯೊಳಕ್ಕೆ ನುಗ್ಗಿ ಗೋಡೆ ಉಬ್ಬುತ್ತದೆ, ದಾರಿ ಕಿರಿದಾಗುತ್ತದೆ. ಸೀಳಿದ ಕಡೆ ಕಟ್ಟಿದ ಹೆಪ್ಪು ಕಳಚಿ ಮೇಲೆ ಹೋಗಿ ಮಿಡ್ಲ್ ಸೆರೆಬ್ರಲ್‌ನಲ್ಲಿ ಕೂತರೆ ಆ ಕೂದಲು ಕವಲುಗಳ ಬಾಯಿ ಮುಚ್ಚುತ್ತದೆ. ಇದನ್ನು ಡಿಸೆಕ್ಷನ್ ಎನ್ನುತ್ತಾರೆ.

ಇದರ ಕೆಟ್ಟತನ ತಡವಾಗಿ ಹೊಡೆಯುವುದರಲ್ಲಿದೆ. ಬಿದ್ದ ದಿನ ಏನೂ ಇಲ್ಲ. ಮರುದಿನ, ಮೂರನೇ ದಿನ, ಕೆಲವೊಮ್ಮೆ ವಾರ ಕಳೆದು ಕೈಕಾಲು ಸೋಲುತ್ತದೆ. ಅಷ್ಟರಲ್ಲಿ ಹಣೆಯ ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೂ ಹೋಗಿರುತ್ತಾನೆ, ಬಿದ್ದದ್ದನ್ನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ. ರಕ್ತ ಕಟ್ಟಿ ಆಗುವ ಲಕ್ವಗಳನ್ನೆಲ್ಲ ಲೆಕ್ಕ ಹಾಕಿದರೆ ಡಿಸೆಕ್ಷನ್ನಿನ ಪಾಲು ನೂರಕ್ಕೆ ಎರಡರ ಆಸುಪಾಸು. ಆದರೆ ಹರೆಯದವರ ಮತ್ತು ನಡುವಯಸ್ಸಿನವರ ಲಕ್ವವನ್ನಷ್ಟೇ ತೆಗೆದುಕೊಂಡರೆ ಅದು 10ರಿಂದ 25ರವರೆಗೆ ಏರುತ್ತದೆ. ನಲವತ್ತರೊಳಗಿನವರಿಗೆ ಲಕ್ವ ಹೊಡೆದಿದ್ದರೆ ಕಳೆದ ಒಂದು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರೇ ಎಂದು ನಾನು ಕೇಳಿಯೇ ಕೇಳುತ್ತೇನೆ.

ನೋಡಬೇಕಾದ ಗುರುತುಗಳು: ಒಂದೇ ಪಕ್ಕದ ಕುತ್ತಿಗೆ, ದವಡೆ ಅಥವಾ ಕಣ್ಣಿನ ಸುತ್ತ ಹೊಸ ನೋವು. ಅದೇ ಪಕ್ಕದ ರೆಪ್ಪೆ ತುಸು ಜೋತಿರುವುದು, ಪಾಪೆ ಇನ್ನೊಂದಕ್ಕಿಂತ ಸಣ್ಣದಿರುವುದು. ಪಾಪೆಯ ವ್ಯತ್ಯಾಸ ಟ್ಯೂಬ್‌ಲೈಟ್ ಬೆಳಕಿನಲ್ಲಿ ತಪ್ಪಿಹೋಗುತ್ತದೆ, ಕೋಣೆ ಕತ್ತಲು ಮಾಡಿ ನೋಡಿ. ಕುತ್ತಿಗೆ ಮೂಳೆ ಮುರಿತ, ಮುಖದ ನಡುಭಾಗದ ದೊಡ್ಡ ಮುರಿತ, ಕ್ಯಾರೋಟಿಡ್ ಹಾಯುವ ಬುರುಡೆ ತಳದ ಮುರಿತ, ಇವು ಯಾವುದಿದ್ದರೂ ಕುತ್ತಿಗೆಯ ಆಂಜಿಯೋಗ್ರಾಂ ಆಗಬೇಕು. ಡೆನ್ವರ್‌ನ ಶಸ್ತ್ರವೈದ್ಯರು ಮಾಡಿಟ್ಟ ಪಟ್ಟಿಯಲ್ಲಿ ಇವೆಲ್ಲ ಇವೆ. ಸ್ಕ್ಯಾನಿನಿಂದ ವಿವರಿಸಲಾಗದ ದೌರ್ಬಲ್ಯವೂ ಅದೇ ಪಟ್ಟಿಯಲ್ಲಿದೆ, ನಮಗೆ ಬೇಕಾದ ಸಾಲು ಅದು. ತಲೆಯ ಸಿಟಿ ಮಾಡುವ ಯಂತ್ರದಲ್ಲೇ, ರಕ್ತನಾಳಕ್ಕೆ ಡೈ ಕೊಟ್ಟು, ಕುತ್ತಿಗೆಯ ಸಿಟಿ ಆಂಜಿಯೋಗ್ರಾಂ ಮಾಡಬಹುದು. ಅದಕ್ಕೆಂದು ಬೆಂಗಳೂರಿಗೆ ಹೋಗಬೇಕಿಲ್ಲ.

ಬಿದ್ದೇ ಆಗಬೇಕೆಂದೂ ಇಲ್ಲ. ಕ್ಷೌರದಂಗಡಿಯಲ್ಲಿ ಮಸಾಜಿನ ಕೊನೆಗೆ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿಕೊಳ್ಳುವ ಸುಖದಿಂದಲೂ ಇದೇ ಸೀಳು ಬೀಳಬಹುದು. ನಾನಂತೂ ಕುರ್ಚಿಯಲ್ಲಿ ಕೂರುವಾಗಲೇ ಬೇಡವೆಂದು ಹೇಳಿಬಿಡುತ್ತೇನೆ.

6. ಆಳದಲ್ಲಿ ರಕ್ತ ಕಂಡರೆ ಬಿಪಿಯನ್ನು ವಿಚಾರಿಸಿಕೊಳ್ಳಿ

ಈಗ ತಿರುವು ಪ್ರಶ್ನೆ. ಐವತ್ತೈದರ ಆಸುಪಾಸಿನವರು ಬೈಕಿನಿಂದ ಬಿದ್ದಿದ್ದಾರೆ. ಸಿಟಿಯಲ್ಲಿ ಬೇಸಲ್ ಗ್ಯಾಂಗ್ಲಿಯಾದಲ್ಲೇ ದೊಡ್ಡ ರಕ್ತದ ಗಡ್ಡೆ. ಎಲ್ಲರೂ ಅಪಘಾತದ ರಕ್ತಸ್ರಾವ ಎಂದು ಬರೆಯುತ್ತಾರೆ. ಆದರೆ ಅದೇ ಕೂದಲು ನಾಳಗಳು ವರ್ಷಗಟ್ಟಲೆ ಏರಿದ ಬಿಪಿಗೆ ಸವೆದು ತಾವಾಗಿಯೇ ಒಡೆಯುವ ಜಾಗವೂ ಇದೇ. ಅವುಗಳಲ್ಲಿ ಒಂದನ್ನು ಫ್ರಾನ್ಸಿನ ಶಾರ್ಕೊ ಹತ್ತೊಂಬತ್ತನೇ ಶತಮಾನದಲ್ಲೇ ಮೆದುಳಿನ ರಕ್ತಸ್ರಾವದ ನಾಳ ಎಂದು ಕರೆದಿದ್ದರು. ಅಂದರೆ ಇವರು ಬಿದ್ದು ರಕ್ತ ಬಂದದ್ದಲ್ಲ, ರಕ್ತ ಬಂದು ಬಿದ್ದಿರಬಹುದು.

ತೂಗಿ ನೋಡುವ ಕ್ರಮ ನನ್ನದು ಹೀಗೆ. ನೆತ್ತಿಯ ಮೇಲೆ ಊತ, ತರಚು, ಮೂಳೆ ಬಿರುಕು ಇದೆಯೇ? ಮೇಲ್ಪದರದಲ್ಲೂ ಎರಡು ಅರೆಮೆದುಳುಗಳ ನಡುವಿನ ಸೇತುವೆಯಲ್ಲೂ ಚುಕ್ಕಿ ಚುಕ್ಕಿ ರಕ್ತ ಇದೆಯೇ? ಇದ್ದರೆ ಅಪಘಾತದ ಕಡೆಗೆ ವಾಲುತ್ತೇನೆ, ಏಕೆಂದರೆ ಆಳದ ನಾಳ ಹರಿಯುವಷ್ಟು ಜೋರಿನ ಪೆಟ್ಟು ಬೇರೆಡೆಯೂ ಗುರುತು ಬಿಡದೆ ಹೋಗುವುದು ಕಡಿಮೆ. ಹೊರಗೆ ಒಂದು ತರಚೂ ಇಲ್ಲ, ಒಳಗೆ ಒಂದೇ ದುಂಡನೆಯ ಗಡ್ಡೆ, ಇಸಿಜಿಯಲ್ಲಿ ಹೃದಯ ದಪ್ಪಗಾದ ಲಕ್ಷಣ, ಕಣ್ಣಿನ ಹಿಂಪರದೆಯಲ್ಲಿ ಹಳೆಯ ಬಿಪಿಯ ಗುರುತು ಎಂದಾದರೆ ಬಿಪಿಯೇ ಮೂಲ. ಆ ಕ್ಷಣದ ಬಿಪಿ ಅಂಕಿಯನ್ನೊಂದೇ ನಂಬಬೇಡಿ. ಪೆಟ್ಟು ಬಿದ್ದವರಿಗೂ, ಲಕ್ವ ಹೊಡೆದವರಿಗೂ, ಹೆದರಿದವರಿಗೂ ಅದು ಏರಿಯೇ ಇರುತ್ತದೆ.

ರಕ್ತ ಕಟ್ಟಿ ಆದ ಲಕ್ವದಲ್ಲೂ ಇದೇ ವಿವೇಚನೆ ಬೇಕು. ಪೆಟ್ಟಿನಿಂದ ಆಯಿತು ಎಂಬುದು ಎಲ್ಲ ಹುಡುಕಿದ ಮೇಲೆ ಕೊನೆಗೆ ಉಳಿಯಬೇಕಾದ ಉತ್ತರ. ಶುಗರ್ ನೋಡಿ, ಹೃದಯದ ಲಯ ನೋಡಿ, ಎಕೋ ಮಾಡಿಸಿ. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮಲ್ಲಿ ಇನ್ನೂ ಇದ್ದಾರೆ. ತೊಡೆಮೂಳೆ ಮುರಿದಿದ್ದರೆ ಮಜ್ಜೆಯ ಕೊಬ್ಬು ರಕ್ತದಲ್ಲಿ ಸೇರಿ ಮೆದುಳಿಗೆ ಹೋಗಿರಬಹುದು, ಆಗ ಉಸಿರಾಟವೂ ಕೆಟ್ಟಿರುತ್ತದೆ, ಮನುಷ್ಯ ಗೊಂದಲದಲ್ಲಿರುತ್ತಾನೆ.

ಈ ಭೇದ ಪುಸ್ತಕಪಾಂಡಿತ್ಯವಲ್ಲ. ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಇದು: ಡಾಕ್ಟರೇ, ಬಿದ್ದದ್ದರಿಂದ ಆಯಿತೋ, ಆಗಿದ್ದರಿಂದ ಬಿದ್ದರೋ? ಸಂಸಾರದ ಮುಂದಿನ ದಿನಗಳು ಆ ಉತ್ತರದ ಮೇಲೆ ನಿಂತಿರುತ್ತವೆ. ಎಂಎಲ್‌ಸಿ (ಪೊಲೀಸು-ಕಾನೂನಿನ ಪ್ರಕರಣಗಳ) ಪುಸ್ತಕದಲ್ಲಿ ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. 'ಬಿದ್ದ ನಂತರ ನಡೆದರು, ಒಂದು ತಾಸಿನ ಮೇಲೆ ಕೈ ಸೋತಿತು ಎಂದು ಜೊತೆಗಿದ್ದವರು ಹೇಳುತ್ತಾರೆ' ಎಂಬ ಒಂದು ಸಾಲು ಹತ್ತು ಪುಟದ ವರದಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

7. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಆಸೆ

ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಕೊಟ್ಟರೆ ಗುಣವಾಗುತ್ತದೆ ಎಂದು ಈಗ ಹಳ್ಳಿಗಳಲ್ಲೂ ಕೇಳಿದ್ದಾರೆ, ಒಳ್ಳೆಯದೇ. ಆದರೆ ಕಳೆದ ಮೂರು ತಿಂಗಳಲ್ಲಿ ತಲೆಗೆ ಗಂಭೀರ ಪೆಟ್ಟಾದವರಿಗೆ ಅದು ಸಲ್ಲದು. ಹೆಪ್ಪು ಕರಗಿಸುವ ಔಷಧ ಪೆಟ್ಟಾದ ಜಾಗದಲ್ಲಿ ರಕ್ತ ಹರಿಸಬಹುದು. ಮನೆಯವರಿಗೆ ಇದನ್ನು ಬಾಗಿಲಲ್ಲೇ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ದುಡ್ಡಿಲ್ಲವೆಂದು ಕೊಡಲಿಲ್ಲ ಎಂಬ ಕೊರಗು ಅವರಲ್ಲಿ ಉಳಿದುಬಿಡುತ್ತದೆ. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ನಾಳದಿಂದ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ದಾರಿ ಉಂಟು. ಅದು ಆಗುವ ಊರಿಗೆ ಕಳಿಸುವುದಾದರೆ ತಡಮಾಡದೆ ಕಳಿಸಿ.

ಉಳಿದವರಿಗೆ ಆಸ್ಪಿರಿನ್. ರಕ್ತ ಸೋರಿಲ್ಲ ಎಂದು ಸ್ಕ್ಯಾನಿನಲ್ಲಿ ಖಚಿತವಾದ ಮೇಲೆ ಮಾತ್ರ, ಮತ್ತು ಶಸ್ತ್ರವೈದ್ಯರೊಡನೆ ಮಾತಾಡಿ. ಡಿಸೆಕ್ಷನ್ ಆದವರಿಗೆ ಆಸ್ಪಿರಿನ್ ಜಾತಿಯ ಗುಳಿಗೆಯೋ, ವಾರ್ಫರಿನ್ ಜಾತಿಯದೋ ಎಂಬ ಜಗಳ ಹಳೆಯದು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಯಾಡಿಸ್ ಅಧ್ಯಯನದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಪದೇ ಪದೇ ರಕ್ತಪರೀಕ್ಷೆಗೆ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕಾದವರಿಗೆ ನಾನು ಆಸ್ಪಿರಿನ್ ಕಡೆಗೇ ವಾಲುತ್ತೇನೆ.

8. ಕೈಯೊಂದೇ ಜೋತಿದ್ದರೆ ಮೆದುಳನ್ನು ದೂರಬೇಡಿ

ಬೈಕಿನಿಂದ ಭುಜ ಊರಿ ಬಿದ್ದವರಲ್ಲಿ ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಗೊಂಚಲೇ ಕಿತ್ತಿರಬಹುದು. ಕೈ ಸತ್ತಂತಿದೆ, ಸ್ಪರ್ಶವೂ ಇಲ್ಲ, ಆದರೆ ಮುಖ ಸರಿ, ಕಾಲು ಸರಿ. ಇದಕ್ಕೆ ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ.

9. ಸೋಡಾ ಬೇಡ

ಬಿದ್ದವರ ಬಾಯಿಗೆ ನೀರೋ ಸೋಡಾವೋ ಹನಿಸುವುದು ನಮ್ಮ ಜನರ ಕರುಣೆ. ಅರ್ಧ ಮುಖ ಸೋತವರ ಗಂಟಲೂ ಸೋತಿರುತ್ತದೆ, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕುತ್ತಿಗೆ ಅಲುಗದಂತೆ ಹಿಡಿದು, 108ಕ್ಕೆ ಫೋನ್ ಮಾಡಿ. ವಾರ್ಡಿನಲ್ಲೂ ನುಂಗುವ ಪರೀಕ್ಷೆ ಆಗುವವರೆಗೆ ಗಂಜಿ ಬೇಡ.

10. ಮನೆಗೆ ಹೋದ ಮೇಲಿನ ಕಾಯಿಲೆ

ಆಳದ ಲಕ್ವದಲ್ಲಿ ಮಕ್ಕಳು ಬಹಳ ಬೇಗ ಚೇತರಿಸಿಕೊಳ್ಳುತ್ತಾರೆ. ದೊಡ್ಡವರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಗಾಯ ಬೇಸಲ್ ಗ್ಯಾಂಗ್ಲಿಯಾದಲ್ಲೇ ನಿಂತಿದ್ದರೆ ನಡಿಗೆ ಬೇಗ ಬರುತ್ತದೆ. ಇಂಟರ್ನಲ್ ಕ್ಯಾಪ್ಸೂಲಿನ ಹಿಂಭಾಗವನ್ನೂ ಹಿಡಿದಿದ್ದರೆ ಬೆರಳಿನ ಸೂಕ್ಷ್ಮ ಕೆಲಸ ಬರುವುದು ಕಷ್ಟ. ಮೊದಲ ಮೂರು ತಿಂಗಳು ಫಿಸಿಯೋಥೆರಪಿಯ ಸುಗ್ಗಿಕಾಲ. ಆ ಮೂರು ತಿಂಗಳನ್ನೇ ಜನ ಎಣ್ಣೆ ತಿಕ್ಕಿಸಿಕೊಳ್ಳುತ್ತ, ಪಾರಿವಾಳದ ರಕ್ತ ಹಚ್ಚಿಸಿಕೊಳ್ಳುತ್ತ ಕಳೆದು ಬರುತ್ತಾರೆ. ಎಣ್ಣೆಯನ್ನು ನಾನು ಬೇಡ ಎನ್ನುವುದಿಲ್ಲ. ವ್ಯಾಯಾಮ ಮುಗಿದ ಮೇಲೆ ಹಚ್ಚಿ, ಸೋತ ಭುಜವನ್ನು ಮಾತ್ರ ಹಿಡಿದು ಜಗ್ಗಬೇಡಿ ಎನ್ನುತ್ತೇನೆ. ಹಾಸಿಗೆಯಿಂದ ಎಬ್ಬಿಸುವಾಗ ಕೈ ಹಿಡಿದೆಳೆದರೆ ಭುಜದ ಕೀಲು ಜಾರಿ, ಲಕ್ವಕ್ಕಿಂತ ಹೆಚ್ಚು ಅಳಿಸುವ ನೋವು ಬರುತ್ತದೆ.

ಮನೆಯವರು ಹೇಳಿಕೊಳ್ಳಲಾರದ ಇನ್ನೊಂದಿದೆ. 'ಮೊದಲಿನಂಗ ಇಲ್ರಿ. ಕೇಳಿದ್ರ ಮಾತಾಡ್ತಾರ, ಇಲ್ಲಂದ್ರ ಸುಮ್ಮನ ಕುಂತ ಕಡೆ ಕುಂತಿರ್ತಾರ' ಎನ್ನುತ್ತಾಳೆ ಹೆಂಡತಿ. ಸೋಮಾರಿತನವೂ ಅಲ್ಲ, ಮುನಿಸೂ ಅಲ್ಲ. ಆಳದ ಕಾಡೇಟ್ ಭಾಗಕ್ಕೆ ಗಾಯವಾದರೆ ಕೆಲಸಕ್ಕೆ ಕೈಹಚ್ಚುವ ಒತ್ತಾಸೆಯೇ ಬತ್ತುತ್ತದೆ. ದಿನಚರಿಯನ್ನು ಹೊತ್ತು ಹಾಕಿ ಬರೆದು ಗೋಡೆಗೆ ಅಂಟಿಸಿ, ಎದ್ದೇಳಿಸಿ, ಜೊತೆಗೆ ನಡೆಯಿರಿ. ಬೈದರೆ ಏನೂ ಆಗುವುದಿಲ್ಲ.

ತಿಂಗಳುಗಳು ಕಳೆದು ಕೈಕಾಲಿಗೆ ಬಲ ಬಂದ ಮೇಲೆ ಕೆಲವರು ಗಾಬರಿಯಾಗಿ ಮತ್ತೆ ಬರುತ್ತಾರೆ. ನಡೆಯುವಾಗ ಪಾದ ಒಳಕ್ಕೆ ತಿರುಚುತ್ತದೆ, ಹೆಬ್ಬೆರಳು ಸೆಟೆದು ಚಪ್ಪಲಿ ನಿಲ್ಲುವುದಿಲ್ಲ, ಕೈ ತಾನಾಗಿ ಹಿಂದಕ್ಕೆ ಹೊರಳುತ್ತದೆ. ಎರಡನೇ ಸಲ ಲಕ್ವ ಹೊಡೆಯಿತು ಎಂದುಕೊಂಡಿರುತ್ತಾರೆ. ಅಲ್ಲ, ಇದು ಡಿಸ್ಟೋನಿಯಾ. ಬೇಸಲ್ ಗ್ಯಾಂಗ್ಲಿಯಾದ ಹಳೆಯ ಗಾಯ ತಡವಾಗಿ ಎಬ್ಬಿಸುವ ತಕರಾರು. ಗುಳಿಗೆಗಳು ಕೆಲವರಿಗೆ ಹಿಡಿಸುತ್ತವೆ, ಕೆಲವರಿಗೆ ಇಲ್ಲ. ಸೆಟೆದ ಸ್ನಾಯುವಿಗೇ ಬೊಟುಲಿನಮ್ ಇಂಜೆಕ್ಷನ್ ಕೊಟ್ಟರೆ ಮೂರು ತಿಂಗಳ ಮಟ್ಟಿಗೆ ಸಡಿಲವಾಗುತ್ತದೆ, ಆಮೇಲೆ ಮತ್ತೆ ಕೊಡಿಸಬೇಕು. ದುಬಾರಿ. ಅಲ್ಲಿಯವರೆಗೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಲು ಹೇಳುತ್ತೇನೆ, ಹವಾಯಿ ಬಿಡಿಸುತ್ತೇನೆ.